ನೂಲಿನ ವರ್ಗಣಿಯೂ ಮಳೆಗಾಲದ ವರ್ಗಣಿಯೂ

ಸಮಾಜವನ್ನು ಹೊಸದಾಗಿ ಕಟ್ಟಬೇಕೆಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಇರುವದು. ಸರಕಾರದ ವರದಿಗಳಲ್ಲಿ, ಪದವೀದಾನದ ಭಾಷಣಗಳಲ್ಲಿ, ಚುನಾವಣೆಯ ಜಾಹೀರನಾಮೆಗಳಲ್ಲಿ ಹೊಸ ವಿಚಾರಗಳಿಗೆ ಬರಗಾಲವೇನೂ ಇಲ್ಲ. ಆದರೆ ವಿಚಾರವನ್ನು ಹೇಳಿದವನು ಅದಕ್ಕಾಗಿ ತಾನು ಏನು ತೆರುವನು ಎಂದು ಯಾರಾದರೂ ಕೇಳಿದರೆ ಸಭೆಯಲ್ಲಿ ಮೌನವು ಕವಿಯುವದು. ಕಲ್ಪನೆಯು ಎಷ್ಟೇ ಉಚ್ಚವಾಗಿರಲಿ, ಅದರ ಭಾರವನ್ನೆಲ್ಲ ಪರರ ಹೆಗಲ ಮೇಲೆ ಹೊರಿಸತಕ್ಕದ್ದಾದರೆ ಅದಕ್ಕೆ ಸಾಹಸವೆಂಬ ಹೆಸರು ಸಲ್ಲದು. ಈ ಮಾತಿಗೆ ಆಧಾರವನ್ನು ಹುಡುಕಿಕೊಂಡು ನಾವು ಪರದೇಶಗಳ ಇತಿಹಾಸಕ್ಕೆ ಹೋಗಬೇಕಾಗಿಲ್ಲ. ನೂರು ವರ್ಷಗಳ ಹಿಂದೆ ನಮ್ಮ ಬೆಳಗಾವಿಯಲ್ಲಿ ನಡೆದುದೂ, ಇಲ್ಲಿಂದ 26 ಕಿಲೋಮೀಟರು ದೂರದ ಖಾನಾಪುರವನ್ನು ದಾಟಿದ ಮೇಲೆ ಹತ್ತುವ ಅಡವಿಯಲ್ಲಿ ಈಗ ನಡೆದಿರುವದೂ ಇದನ್ನು ಕಲಿಸಲು ಸಾಕು.

1924ನೆಯ ಇಸವಿಯ ಡಿಸೆಂಬರ 26 ಮತ್ತು 27ರಂದು ರಾಷ್ಟ್ರೀಯ ಮಹಾಸಭೆಯ 39ನೆಯ ಅಧಿವೇಶನವು ಇಲ್ಲಿಯ ಟಿಳಕವಾಡಿಯಲ್ಲಿ ಕೂಡಿತು. ಮಹಾತ್ಮಾ ಗಾಂಧಿಯವರು ತಮ್ಮ ಆಯುಷ್ಯದಲ್ಲಿ ಅಧ್ಯಕ್ಷಸ್ಥಾನವನ್ನು ವಹಿಸಿದ ಅಧಿವೇಶನವು ಇದೊಂದೇ. ಕರ್ನಾಟಕ ಸಿಂಹರೆನಿಸಿದ ಗಂಗಾಧರರಾವ ದೇಶಪಾಂಡೆಯವರು ಸ್ವಾಗತ ಮಂಡಲದ ಭಾರವನ್ನು ಹೊತ್ತರು. ಡಾಕ್ಟರ ಹರ್ಡೀಕರರ ಸೇವಾದಳದವರು ಶಿಸ್ತಿನ ಕೆಲಸವನ್ನು ನಡಿಸಿದರು. ಬಿಡಾರಗಳ ಊರಿಗೆ ವಿಜಯನಗರವೆಂದೂ, ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂದೂ ಹೆಸರಿಟ್ಟರು. ಈಗ ನಾವು ಕಾಂಗ್ರೆಸ್ ಬಾವಿಯೆಂದು ಕರೆಯುವದು ಅದನ್ನೇ. ಈ ಕಥೆಯನ್ನು ನಮ್ಮ ವಾಚಕರು ಅನೇಕ ಸಲ ಕೇಳಿರುವರು. 2024ರ ಡಿಸೆಂಬರದಲ್ಲಿ ಶತಮಾನೋತ್ಸವದ ನಿಮಿತ್ತ ಪಟ್ಟಣವೆಲ್ಲ ದೀಪಮಯವಾದಾಗಲೂ ಇದೇ ಕಥೆಯನ್ನು ಹೇಳಿದರು. ಆದರೆ ಆ ಅಧಿವೇಶನದ ಎಲ್ಲಕ್ಕೂ ದಿಟ್ಟವಾದ ಠರಾವಿನ ಸಂಗತಿಯನ್ನು ಅಷ್ಟಾಗಿ ಯಾರೂ ಎತ್ತಲಿಲ್ಲ. ಅದು ಸೋತುಹೋದ ಠರಾವಾದ್ದರಿಂದ ಉತ್ಸವದ ದಿವಸ ಅದರ ನೆನಪು ಯಾರಿಗೂ ಬೇಕಾಗಲಿಲ್ಲವೆಂದು ಕಾಣುವದು.

ಆ ಠರಾವು ಹೀಗಿತ್ತು. ಅದುವರೆಗೆ ವರುಷಕ್ಕೆ ನಾಲ್ಕಾಣೆ ಕೊಟ್ಟವನು ಮಹಾಸಭೆಯ ಸಭಾಸದನಾಗಬಹುದಾಗಿತ್ತು. ಇನ್ನು ಮುಂದೆ ಹಣದ ಬದಲು ತಿಂಗಳಿಗೆ 2000 ಗಜ ನೂಲನ್ನು ಕೊಡತಕ್ಕದ್ದು, ರಾಜಕೀಯ ಸಮಾರಂಭಗಳಲ್ಲಿ ಖಾದಿಯನ್ನೇ ಉಡತಕ್ಕದ್ದು ಎಂದು ಗೊತ್ತಾಯಿತು. ಇದರಲ್ಲಿಯ ಧೈರ್ಯವು ಎಷ್ಟೆಂಬದನ್ನು ತಿಳಿಯಬೇಕಾದರೆ ಆಗಿನ ಕಾಲದ ಸ್ಥಿತಿಯನ್ನು ನೆನೆಯಬೇಕು. 1919ರ ಕಾಯಿದೆಯ ಮೇರೆಗೆ ಮುಂಬಯಿ ಪ್ರಾಂತದ ಕೌನ್ಸಿಲಿಗೆ ಮತ ಕೊಡುವ ಅಧಿಕಾರವು ಭೂಕಂದಾಯ, ವರಮಾನ ತೆರಿಗೆ, ಮನೆಯ ಬಾಡಿಗೆ ಇವುಗಳ ಲೆಕ್ಕದ ಮೇಲೆ ನಿಂತಿತ್ತು. ಆಸ್ತಿಯಿದ್ದವನಿಗೆ ಮತ, ಇಲ್ಲದವನಿಗೆ ಇಲ್ಲ. ಅಂಥ ಕಾಲದಲ್ಲಿ, ಮೈಮುರಿದು ದುಡಿದವನೇ ಮತಕ್ಕೆ ಯೋಗ್ಯನು, ವಕೀಲನಾಗಲಿ ಜಹಗೀರದಾರನಾಗಲಿ ರಾಟಿಯ ಮುಂದೆ ಕೂತು ಬಡವನ ಶ್ರಮದ ಒಂದಂಶವನ್ನಾದರೂ ತಾನು ಅನುಭವಿಸಿದ ಹೊರತು ದೇಶದ ಪರವಾಗಿ ಮಾತಾಡಕೂಡದು ಎಂಬ ತತ್ವವನ್ನು ಮುಂದಿಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಜಗತ್ತಿನ ಯಾವ ದೊಡ್ಡ ರಾಜಕೀಯ ಸಂಸ್ಥೆಯೂ ತನ್ನ ಮುಖಂಡರಿಂದ ಅಂಥ ವರ್ಗಣಿಯನ್ನು ಬೇಡಿದ್ದನ್ನು ನಾವು ಅರಿಯೆವು.

ಈ ತತ್ವವು ಬದುಕಿದ್ದು ಎಷ್ಟು ದಿನ? ಒಂಬತ್ತು ತಿಂಗಳು ಮಾತ್ರ. 1925ರ ಸಪ್ಟೆಂಬರದಲ್ಲಿ ಪಾಟಣಾದಲ್ಲಿ ಕೂಡಿದ ಅಖಿಲ ಭಾರತ ಮಂಡಲವು ನಾಲ್ಕಾಣೆಯನ್ನಾದರೂ ಕೊಡಬಹುದು, ಇಲ್ಲವೆ ನೂಲನ್ನಾದರೂ ಕೊಡಬಹುದು ಎಂದು ನಿಯಮವನ್ನು ಸಡಿಲಿಸಿತು. ನೂಲುವವರಿಗಾಗಿ ಚರಖಾ ಸಂಘವೆಂಬ ಬೇರೆ ಸಂಸ್ಥೆಯು ಹುಟ್ಟಿತು.

ಯಾತರಿಂದ ಹೀಗಾಯಿತು? ಜನರು ಸೋಮಾರಿಗಳು, ಗಾಂಧಿಯವರು ಕನಸಿಗರು ಎಂದು ಹೇಳಿ ಕೈತೊಳೆದುಕೊಳ್ಳುವದು ಸುಲಭ. ಆದರೆ ಠರಾವಿನ ಒಡಲಲ್ಲಿಯೇ ಒಂದು ಬಿರುಕು ಇತ್ತು. 1924ರ ನವಂಬರದಲ್ಲಿ ಕಲಕತ್ತೆಯಲ್ಲಿ ಚಿತ್ತರಂಜನ ದಾಸ, ಮೋತಿಲಾಲ ನೆಹರು ಇವರೊಡನೆ ಆದ ಒಪ್ಪಂದದಲ್ಲಿಯೇ ಅದು ಸೇರಿಕೊಂಡಿತ್ತು. ರೋಗದಿಂದಲೋ, ಮನಸ್ಸಿಲ್ಲದೆಯೋ, ಅಂಥದೇ ಬೇರೆ ಕಾರಣದಿಂದಲೋ ತಾನು ನೂಲದವನು ಬೇರೊಬ್ಬನು ನೂತ ನೂಲನ್ನು ಕೊಟ್ಟರೆ ಸಾಕೆಂಬ ರಿಯಾಯತಿಯೇ ಆ ಬಿರುಕು. ‘ಮನಸ್ಸಿಲ್ಲದೆ’ ಎಂಬ ಶಬ್ದವು ಒಳಗೆ ಹೊಕ್ಕ ಕ್ಷಣಕ್ಕೆ ತತ್ವವು ಹೊರಬಿದ್ದಿತು. ಹಣವಿದ್ದವನು ನೂಲನ್ನು ಕೊಂಡು ತರುವನು. ನೂತ ಬಡವಿಗೆ ನಾಲ್ಕು ಕಾಸು ಸಿಗುವದು. ಸಭಾಸದನ ಕೈ ಮೊದಲಿನಂತೆಯೇ ಮೆತ್ತಗಿರುವದು. ಶ್ರಮದ ವರ್ಗಣಿಯು ತಿರುಗಿ ಹಣದ ವರ್ಗಣಿಯೇ ಆಯಿತೆಂದ ಮೇಲೆ ನೇರವಾಗಿ ನಾಲ್ಕಾಣೆಯನ್ನೇ ಕೊಡುವದು ಹೆಚ್ಚು ಪ್ರಾಮಾಣಿಕವಾದೀತೆಂದು ಜನರಿಗೆ ತೋಚಿದ್ದರಲ್ಲಿ ಆಶ್ಚರ್ಯವೇನು? ಆದಕಾರಣ ನೂಲಿನ ವಿಚಾರವು ಅತಿ ದಿಟ್ಟದ್ದಾದುದರಿಂದ ಸೋತಿತೆಂದು ನಾವು ಒಪ್ಪಲಾರೆವು. ಬದಲಿಯವನನ್ನು ಕಳಿಸಲು ಅವಕಾಶ ಕೊಟ್ಟದ್ದರಿಂದ ಅದು ಸೋತಿತೆಂದೇ ನಮ್ಮ ಮತ.

ಬದಲಿಯಿಲ್ಲದೆ ನಡೆದ ಕೆಲಸಗಳು ಅದೇ ಬಿಡಾರದಲ್ಲಿ ಹೇಗೆ ಫಲಿಸಿದವೆಂಬದನ್ನೂ ನೋಡಬೇಕು. ಕಾಕಾ ಕಾಲೇಲಕರರ ಮುಂದಾಳುತನದಲ್ಲಿ ಸ್ವಯಂಸೇವಕರು ಅಧಿವೇಶನದ ಕಸ ಕೊಳೆಗಳನ್ನು ತಾವೇ ಬಳಿದರು. ಅವರಲ್ಲಿ ಬ್ರಾಹ್ಮಣ ತರುಣರೂ ಇದ್ದರು. ಕೂಲಿ ಕೊಟ್ಟು ಬೇರೆಯವರಿಂದ ಮಾಡಿಸಿದ್ದರೆ ಆ ಕೆಲಸಕ್ಕೆ ಯಾವ ಅರ್ಥವೂ ಇರುತ್ತಿರಲಿಲ್ಲ. ಅಸ್ಪೃಶ್ಯತೆಯನ್ನು ಕುರಿತು ನೂರು ಭಾಷಣಗಳು ಮಾಡದ ಕೆಲಸವನ್ನು ಆ ಕಸಬರಿಗೆಗಳು ಮಾಡಿದವು. ಅದರಂತೆಯೇ, ಅದೇ ವೇಳೆಗೆ ಅದೇ ಮಂಟಪದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಮೊದಲನೆಯ ಪರಿಷತ್ತು ಕೂಡಿತು. ಮುಂಬಯಿ, ಮದ್ರಾಸ, ಹೈದರಾಬಾದ, ಮೈಸೂರು, ಕೊಡಗು ಎಂದು ಹರಿದು ಹಂಚಿಹೋದ ಕನ್ನಡಿಗರು ಒಂದೇ ಆಡಳಿತದ ಕೆಳಗೆ ಬರುವರೆಂಬದು ಆಗ ನೂಲಿನ ಮತಕ್ಕಿಂತಲೂ ಅಸಂಭವವಾದ ಕನಸಾಗಿ ಕಾಣುತ್ತಿತ್ತು. ಆದರೆ 1956ರ ನವಂಬರ 1ರಂದು ಅದು ಸಿದ್ಧಿಸಿತು. ಆ ಮೂವತ್ತೆರಡು ವರ್ಷ ಕನ್ನಡದ ಕೆಲಸಕ್ಕೆ ಬಾಡಿಗೆಯ ಕೈಗಳು ಸಿಗುವಂತಿರಲಿಲ್ಲ. 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘವನ್ನು ಕಟ್ಟಿದವರೂ, 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಕಟ್ಟಿದ ಏಳು ಮಂದಿ ಶಿಕ್ಷಕರೂ, ಹಳ್ಳಿಹಳ್ಳಿಗೆ ಪತ್ರಿಕೆಯನ್ನು ಮುಟ್ಟಿಸಿದವರೂ ತಮ್ಮ ಆಯುಷ್ಯವನ್ನೇ ವರ್ಗಣಿಯಾಗಿ ಕೊಟ್ಟರು.

ಇಷ್ಟು ಹಿಂದಿನದನ್ನು ಹೇಳಿದ್ದು ಇಂದಿನದೊಂದು ಪ್ರಶ್ನೆಯನ್ನು ಅಳೆಯುವದಕ್ಕಾಗಿ. ಆ ಪ್ರಶ್ನೆಯು ಖಾನಾಪುರ ತಾಲೂಕಿನ ಭೀಮಗಡದ ಅಡವಿಯಲ್ಲಿಯ ಹಳ್ಳಿಗಳದು.

ಖಾನಾಪುರವೆಂದರೆ ನಮ್ಮ ಪಟ್ಟಣಿಗರಿಗೆ ನಂದಗಡದ ಆಲದ ಮರವು ನೆನಪಾಗುವದು. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನೆಲವದು. ಆದರೆ ಅದೇ ತಾಲೂಕಿನ ಪಡುವಣ ಭಾಗಕ್ಕೆ ನಾವು ದಿನವೂ ಋಣಿಗಳಾಗಿರುವದು ಬೇರೊಂದು ಕಾರಣಕ್ಕಾಗಿ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ಹುಬ್ಬಳ್ಳಿ ಧಾರವಾಡಗಳ ಬಾಯಾರಿಕೆಯನ್ನು ತಣಿಸುವದು. ಮಹದಾಯಿಯು ದೇಗಾಂವದ ಬಳಿ ಹುಟ್ಟಿ ಗೋವೆಗೆ ಇಳಿಯುವದು. ಈ ನದಿಗಳ ತಾಯಿಬೇರು ಆ ಅಡವಿ. 2011ರ ಡಿಸೆಂಬರದಲ್ಲಿ ಅದರೊಳಗಿನ 190.42 ಚದರ ಕಿಲೋಮೀಟರು ನೆಲವನ್ನು ಭೀಮಗಡ ವನ್ಯಜೀವಿ ಧಾಮವೆಂದು ಸರಕಾರವು ಸಾರಿತು. ಅಲ್ಲಿಯ ಬಾರಾಪೇಡೆ ಗವಿಗಳಲ್ಲಿ ನೆಲೆಸಿರುವ ರಾಟನ್ನನ ಬಾವಲಿಯು ಜಗತ್ತಿನಲ್ಲಿ ಅತಿ ವಿರಳವಾದ ಪ್ರಾಣಿ. ಇಂಥ ಕಾಡನ್ನು ಕಾಯಬೇಕೆಂಬದರಲ್ಲಿ ನಮಗೆ ಎಳ್ಳಷ್ಟೂ ಸಂದೇಹವಿಲ್ಲ.

ಆದರೆ ಆ ಕಾಡಿನಲ್ಲಿ ತಳೇವಾಡಿ, ಗವ್ವಾಳಿ, ಪಾಸ್ತೋಳಿ, ಕೊಂಗಳಾ, ಅಮಗಾಂವ, ಕೃಷ್ಣಾಪುರ ಮೊದಲಾದ ಹಳ್ಳಿಗಳು ತಲೆತಲಾಂತರದಿಂದ ಇರುವವು. ಮಳೆ ಹತ್ತಿತೆಂದರೆ ಹಳ್ಳಗಳು ತುಂಬಿ, ದಾರಿ ಮುಚ್ಚಿ, ಅವು ದ್ವೀಪಗಳಾಗುವವು. 2024ರ ಮಳೆಗಾಲದಲ್ಲಿಯೂ ಅಮಗಾಂವದಿಂದ ರೋಗಿಯನ್ನು ಹೆಗಲ ಮೇಲೆ ಹೊತ್ತು, ಕೆಸರು ತುಳಿಯುತ್ತ, ಮೈಲುಗಟ್ಟಲೆ ನಡೆದು, ಗಾಡಿ ನಿಲ್ಲುವ ಠಾವಿಗೆ ತರಬೇಕಾಯಿತು. ಆ ಸಂಗತಿಯು ಪ್ರಕಟವಾದ ಮೇಲೆ ಬಹಳ ಜನರಿಗೆ ಎಚ್ಚರವಾಯಿತು. ಅದೇ ಡಿಸೆಂಬರದಲ್ಲಿ ಅರಣ್ಯ ಮಂತ್ರಿಗಳು ಭೀಮಗಡಕ್ಕೆ ಬಂದು, ಸ್ವಇಚ್ಛೆಯಿಂದ ಕಾಡು ಬಿಟ್ಟು ಹೊರಬರುವ ಕುಟುಂಬಕ್ಕೆ 15 ಲಕ್ಷ ರೂಪಾಯಿ ಕೊಡುವದಾಗಿ ಹೇಳಿದರು. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಮೊದಲ ಕಂತು ಸಂದಿತು.

ಇಲ್ಲಿ ಎರಡು ದಿಟ್ಟ ವಿಚಾರಗಳು ಎದುರುಬದುರಾಗಿ ನಿಂತಿರುವವು. ಜನರನ್ನು ಹೊರಗೆ ತಂದು ಕಾಡನ್ನು ಕಾಡಿಗೇ ಬಿಡಬೇಕೆಂಬದು ಒಂದು. ಜನರು ಅಲ್ಲಿಯೇ ಇರಲಿ, ಅವರಿಗೆ ದಾರಿ, ದೀಪ, ಶಾಲೆ, ವೈದ್ಯರು ಮುಟ್ಟಲಿ, ಅವರೇ ಕಾಡಿನ ಕಾವಲುಗಾರರಾಗಲಿ ಎಂಬದು ಇನ್ನೊಂದು. ಎರಡರ ಹಿಂದೆಯೂ ನಮ್ಮ ನಾಡಿನ ಅನುಭವವಿರುವದು. ಭದ್ರಾ ಅಭಯಾರಣ್ಯದ ಹಳ್ಳಿಗಳನ್ನು 2001-02ರ ಸುಮಾರಿಗೆ ಹೊರಗೆ ತಂದಾಗ ಕೈಗೆ ಹಣವನ್ನಷ್ಟೇ ಇಡದೆ ತರೀಕೆರೆಯ ಕಡೆಗೆ ಸಾಗುವಳಿಯ ಜಮೀನನ್ನು ಕೊಟ್ಟರು. ಆ ಕೆಲಸವು ಚೆನ್ನಾಗಿ ನಡೆಯಿತೆಂದು ಹೆಸರಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿಯಾದರೋ, ಹುಲಿಗಳ ಕಾಡೆಂದು ಸಾರಿದ ಮೇಲೆಯೂ 2011ರಲ್ಲಿ ಸೋಲಿಗರಿಗೆ 2006ರ ಅರಣ್ಯ ಹಕ್ಕುಗಳ ಕಾಯಿದೆಯ ಪ್ರಕಾರ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಆದುದರಿಂದ ಹೊರಗೆ ಬರುವದೇ ಸರಿ, ಒಳಗೆ ಇರುವದೇ ಸರಿ ಎಂದು ದೂರದಿಂದ ತೀರ್ಪು ಕೊಡುವದು ಅವಿವೇಕವಾಗುವದು. ಅಲ್ಲಿಯ ಜನರಲ್ಲಿಯೂ ಒಮ್ಮತವಿಲ್ಲ. ಮಕ್ಕಳ ವಿದ್ಯೆಗಾಗಿ ಬರುವೆವೆನ್ನುವವರು ಉಂಟು. ಹಿರಿಯರ ನೆಲವನ್ನೂ ದೇವರ ಬನವನ್ನೂ ಬಿಡಲಾರೆವೆನ್ನುವವರೂ ಉಂಟು.

ಕಾಯಿದೆಯು ಈ ಪ್ರಶ್ನೆಯ ನಿರ್ಣಯವನ್ನು ಕಚೇರಿಗೆ ಬಿಡದೆ ಗ್ರಾಮಸಭೆಗೆ ಒಪ್ಪಿಸಿರುವದು. ಹಕ್ಕುಗಳ ಪರಿಶೀಲನೆಯು ಮುಗಿಯುವ ಮೊದಲು ಯಾರನ್ನೂ ಒಕ್ಕಲೆಬ್ಬಿಸಕೂಡದೆಂದು 2006ರ ಕಾಯಿದೆಯು ಸ್ಪಷ್ಟವಾಗಿ ಹೇಳುವದು. ವನ್ಯಜೀವಿಗಳ ಆತ್ಯಂತಿಕ ನೆಲೆಯಿಂದ ಜನರನ್ನು ಸಾಗಿಸಬೇಕಾದರೆ ಗ್ರಾಮಸಭೆಯು ಎಲ್ಲವನ್ನೂ ತಿಳಿದು, ಮುಕ್ತ ಮನಸ್ಸಿನಿಂದ, ಬರಹದಲ್ಲಿ ಒಪ್ಪಿಗೆ ಕೊಡಬೇಕು. ಹೊಸ ಊರಿನ ಸೌಕರ್ಯಗಳು ಮೊದಲೇ ಸಿದ್ಧವಾಗಿರಬೇಕು. ಅದೇ ಕಾಯಿದೆಯಲ್ಲಿ, ಗ್ರಾಮಸಭೆಯು ಶಿಫಾರಸು ಮಾಡಿದರೆ ಶಾಲೆ, ದವಾಖಾನೆ, ರಸ್ತೆ, ವಿದ್ಯುತ್ತಿನ ತಂತಿ ಇವುಗಳಿಗಾಗಿ ಒಂದೊಂದಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಬಿಟ್ಟುಕೊಡಲು ಏರ್ಪಾಡೂ ಇರುವದು. ಅಭಯಾರಣ್ಯದಲ್ಲಿ ವನ್ಯಜೀವಿ ಕಾಯಿದೆಯ ಬಿಗಿಯು ಬೇರೆ ಇರುವದೆಂಬದು ನಿಜವೇ. ಆದರೂ ದಾರಿಯೇ ಇಲ್ಲವೆಂದು ಹೇಳುವಂತಿಲ್ಲ.

ತೊಡಕು ಇನ್ನೊಂದು ಕಡೆಗಿರುವದು. ಭೀಮಗಡದ ಹಳ್ಳಿಗರಲ್ಲಿ ಮರಾಠರು, ಕುಣಬಿಗಳು, ಗೌಳಿಗರು ಇರುವರು. ಇವರು ನಮ್ಮ ರಾಜ್ಯದ ಪರಿಶಿಷ್ಟ ಪಂಗಡಗಳ ಯಾದಿಯಲ್ಲಿ ಸೇರಿಲ್ಲ. ಆದಕಾರಣ 2005ರ ಡಿಸೆಂಬರ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರುಷ, ಅಲ್ಲಿಯೇ ಇದ್ದೆವೆಂಬದನ್ನು ಅವರು ಸಿದ್ಧಮಾಡಿ ತೋರಿಸಬೇಕು. ಪತ್ರವೆಂದರೆ ಹೆದರಿ ಬಾಳಿದ ಕಾಡಿನ ಜನರು ಎಪ್ಪತ್ತೈದು ವರುಷಗಳ ಪತ್ರಗಳನ್ನು ಎಲ್ಲಿಂದ ತರಬೇಕು? ಊರ ಹಿರಿಯರ ಬಾಯ್ಮಾತೂ ಸಾಕ್ಷಿಯೆಂದು ನಿಯಮಗಳು ಒಪ್ಪುವವು. ಆದರೆ ಆ ಬಾಯ್ಮಾತನ್ನು ಕೇಳಲಿಕ್ಕೆ ಅಧಿಕಾರಿಯು ಹಿರಿಯನ ಕಟ್ಟೆಯ ವರೆಗೆ ನಡೆದು ಹೋಗಬೇಕಾಗುವದು. ಇನ್ನೊಂದು ಮಾತು. ಆ ಹಳ್ಳಿಗಳ ಮನೆಮಾತು ಬಹುತರವಾಗಿ ಮರಾಠಿ, ಕೊಂಕಣಿ. ಕನ್ನಡವು ರಾಜ್ಯಭಾಷೆಯೆಂಬದರಲ್ಲಿ ಈ ಪತ್ರಿಕೆಯು ಎಂದೂ ಹಿಂದೆಗೆದಿಲ್ಲ, ಮುಂದೆಯೂ ಹಿಂದೆಗೆಯದು. ಆದರೆ ತಿಳಿಯದ ಭಾಷೆಯ ಕಾಗದದ ಮೇಲೆ ಒತ್ತಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆಯಾಗಲಾರದು. ಕನ್ನಡದ ಜೊತೆಗೆ ಅವರ ಮಾತಿನಲ್ಲಿಯೂ ಓದಿ ಹೇಳಿದರೆ ಕನ್ನಡದ ಮಾನವು ಕುಂದುವದಿಲ್ಲ. ಕನ್ನಡದ ಆಡಳಿತವು ನ್ಯಾಯವಾದದ್ದೆಂಬ ಕೀರ್ತಿಯು ಗಡಿಯ ಆಚೆಗೂ ಹಬ್ಬುವದು.

ಈಗ ನಮ್ಮ ಸೂಚನೆಯನ್ನು ಮುಂದಿಡುವೆವು. ಭೀಮಗಡದ ಹಳ್ಳಿಗಳ ಬಗೆಗೆ ಯಾವ ಸಮಿತಿಯಲ್ಲಿಯೇ ಆಗಲಿ ಕೂತು ಮತ ಕೊಡಬೇಕೆನ್ನುವವನು ಮೊದಲು ಮಳೆಗಾಲದ ವರ್ಗಣಿಯನ್ನು ಸಲ್ಲಿಸತಕ್ಕದ್ದು. ಜೂನದಿಂದ ಸಪ್ಟೆಂಬರದ ಒಳಗೆ ಹನ್ನೆರಡು ರಾತ್ರಿ, ಬೇಕಾದರೆ ಎರಡು ಮೂರು ಸಲ ಬಿಡಿಸಿ, ಆ ಹಳ್ಳಿಗಳಲ್ಲೊಂದರಲ್ಲಿ ಹಳ್ಳಿಗರ ಮನೆಯಲ್ಲಿಯೇ ಇರಬೇಕು. ಊಟದ ವೆಚ್ಚವನ್ನು ತನ್ನ ಕಿಸೆಯಿಂದ ಕೊಡಬೇಕು. ಗಾಡಿ ನಿಂತಲ್ಲಿಂದ ಮುಂದೆ ಜನರು ನಡೆಯುವಂತೆಯೇ ನಡೆಯಬೇಕು. ಜಿಲ್ಹೆಯ ಅಧಿಕಾರಿಗಳು, ಅರಣ್ಯ ಇಲಾಖೆಯವರು, ಶಾಸಕರು, ಪಟ್ಟಣದಲ್ಲಿ ಕೂತು ಹುಲಿಯ ಪರವಾಗಿ ಬರೆಯುವವರು, ಪಟ್ಟಣದಲ್ಲಿ ಕೂತು ಹಳ್ಳಿಗರ ಪರವಾಗಿ ಬರೆಯುವವರು, ಇವರೆಲ್ಲರಿಗೂ ನಿಯಮವು ಒಂದೇ ಆಗಿರಬೇಕು. ಮುಖ್ಯವಾದ ಮಾತೆಂದರೆ ಬದಲಿಯು ನಡೆಯಕೂಡದು. ಸಾಹೇಬರ ಪರವಾಗಿ ಕಾರಕೂನನೂ, ಶಾಸಕರ ಪರವಾಗಿ ಆಪ್ತ ಸಹಾಯಕನೂ ಹೋಗುವದಾದರೆ 1925ರ ಕೊಂಡ ನೂಲಿನ ಕಥೆಯೇ ಮರಳುವದು. ನಿಜವಾದ ರೋಗದ ಹೊರತು ಬೇರಾವ ನೆವಕ್ಕೂ ರಿಯಾಯತಿ ಬೇಡ; ರೋಗಿಯು ಮತವನ್ನೂ ಬಿಡಲಿ.

ಹಳ್ಳಿಗರ ಮೇಲೆಯೂ ಕರ್ತವ್ಯವಿರುವದು. ಒಳಗೇ ಇರುವೆವೆನ್ನುವವರು ಬೇಸಿಗೆಯಲ್ಲಿ ಅರಣ್ಯ ಕಾವಲುಗಾರರ ಸಂಗಡ ಹನ್ನೆರಡು ದಿವಸ ಬೆಂಕಿಯ ಕಾವಲನ್ನು ತಿರುಗಲಿ. ಕಳ್ಳಬೇಟೆಯ ಮೇಲೂ ಮರಗಳ್ಳರ ಮೇಲೂ ಅವರು ಕಣ್ಣಿಡಬಲ್ಲರೆಂಬದು ಆಗ ವಾದವಾಗಿ ಉಳಿಯದೆ ಕಣ್ಣಿಗೆ ಕಾಣುವ ಸಂಗತಿಯಾಗುವದು.

ಇದು ಹುಚ್ಚು ವಿಚಾರವೆಂದು ಕೆಲವರು ನಗಬಹುದು. ಅಧಿಕಾರಿಗಳಿಗೆ ಪುರಸತ್ತು ಎಲ್ಲಿಯದು ಎಂದು ಕೇಳುವವರಿಗೆ ನಾವು ಹೇಳುವದಿಷ್ಟೇ: ಹಿಂದಿನ ಕಾಲದ ಅಮಲದಾರರು ಕುದುರೆಯ ಮೇಲೆ ತಿಂಗಳುಗಟ್ಟಲೆ ಮೊಕ್ಕಾಂ ಮಾಡಿ ಜಮಾಬಂದಿಯನ್ನು ನಡಿಸುತ್ತಿದ್ದರು. ಕಂದಾಯವನ್ನು ಎತ್ತಲಿಕ್ಕೆ ಪರಕೀಯರ ಸರಕಾರಕ್ಕೆ ಸಿಕ್ಕ ಪುರಸತ್ತು ಪ್ರಜೆಗಳ ಕಷ್ಟವನ್ನು ತಿಳಿಯಲಿಕ್ಕೆ ಸ್ವಕೀಯರ ಸರಕಾರಕ್ಕೆ ಸಿಗಬಾರದೆ? ಹನ್ನೆರಡು ರಾತ್ರಿಯಲ್ಲಿ ಏನು ತಿಳಿದೀತು ಎಂದು ಆಕ್ಷೇಪಿಸುವವರೂ ಇರುವರು. ಎಲ್ಲವೂ ತಿಳಿಯಲಿಕ್ಕಿಲ್ಲ, ನಿಜ. ಆದರೆ ಹೆಗಲ ಮೇಲೆ ರೋಗಿಯ ಭಾರವನ್ನು ಒಂದು ಮೈಲು ಹೊತ್ತವನು ‘ರಸ್ತೆಯ ಪ್ರಸ್ತಾವವು ಪರಿಶೀಲನೆಯಲ್ಲಿರುವದು’ ಎಂಬ ವಾಕ್ಯವನ್ನು ಮೊದಲಿನಷ್ಟು ಸುಲಭವಾಗಿ ಬರೆಯಲಾರನು. ಸಂಜೆಯ ಮಬ್ಬಿನಲ್ಲಿ ಕರಡಿಯ ಹೆಜ್ಜೆಯನ್ನು ಅಂಗಳದ ಅಂಚಿನಲ್ಲಿ ಕಂಡವನು ‘ಕಾಡಿನಲ್ಲಿ ಸುಖವಾಗಿರುವರು, ಅವರನ್ನು ಯಾಕೆ ಕದಲಿಸಬೇಕು’ ಎಂದೂ ಸುಲಭವಾಗಿ ಬರೆಯಲಾರನು. ಎರಡು ಪಕ್ಷದವರ ಮಾತೂ ಸ್ವಲ್ಪ ತಡವರಿಸಿದರೆ ಹಳ್ಳಿಗರ ಮಾತು ಕೇಳಿಸೀತು.

ಕೊನೆಗೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳುವದು ನ್ಯಾಯ. ಶತಮಾನೋತ್ಸವದ ದೀಪಾಲಂಕಾರದ ವರ್ಣನೆಗೆ ನಮ್ಮ ಪತ್ರಿಕೆಯಲ್ಲಿ ನಾವು ಮೂರು ಕಾಲಮುಗಳನ್ನು ಕೊಟ್ಟೆವು. ಅದೇ ವರುಷದ ಮಳೆಗಾಲದಲ್ಲಿ ಹೆಗಲ ಮೇಲೆ ಬಂದ ರೋಗಿಯ ಸುದ್ದಿಗೆ ಒಳಪುಟದ ಕೆಳಮೂಲೆಯಲ್ಲಿ ಆರು ಸಾಲುಗಳ ಠಾವು ಸಿಕ್ಕಿತು. ಸುದ್ದಿಯನ್ನು ಆರಿಸಿ ಇಟ್ಟವರು ನಾವೇ. ಇದೇ ಲೇಖಣಿಯಿಂದ ಭೀಮಗಡದ ಮೇಲೆ ಎರಡು ಸಲ ಅಗ್ರಲೇಖಗಳನ್ನು ಬರೆದೆವು. ಆ ಎರಡು ಸಲವೂ ಹೆಮ್ಮಡಗಾದಿಂದ ಮುಂದೆ ನಾವು ಕಾಲಿಟ್ಟಿರಲಿಲ್ಲ. ಬೇರೆಯವರು ನೂತ ನೂಲನ್ನು ನಮ್ಮದೆಂದು ತೋರಿಸಿದಂತಾಯಿತು.

ಆದಕಾರಣ ಬರುವ ಮಳೆಗಾಲದ ಹನ್ನೆರಡು ರಾತ್ರಿಗಳ ಮೊದಲನೆಯ ವರ್ಗಣಿಯನ್ನು ಈ ಪತ್ರಿಕೆಯ ಸಂಪಾದಕನೇ ಸಲ್ಲಿಸುವನು. ಅದು ಸಲ್ಲುವ ವರೆಗೆ ಜನರು ಹೊರಗೆ ಬರಬೇಕೋ ಒಳಗೆ ಇರಬೇಕೋ ಎಂಬ ಬಗೆಗೆ ಈ ಪುಟದಲ್ಲಿ ನಮ್ಮ ಅಭಿಪ್ರಾಯವೆಂದು ಒಂದಕ್ಷರವೂ ಬರಲಾರದು. ಸಮಿತಿಗಳಲ್ಲಿಯ ಮಹನೀಯರು ತಮ್ಮ ತಮ್ಮ ರಾತ್ರಿಗಳನ್ನು ಗೊತ್ತುಪಡಿಸಿ ನಮಗೆ ತಿಳಿಸಿದರೆ ಅದನ್ನು ಮೊದಲನೆಯ ಪುಟದಲ್ಲಿಯೇ ಪ್ರಕಟಿಸುವೆವು. ನಾವು ತಪ್ಪಿದರೆ ನಮ್ಮ ವಾಚಕರು ನಮ್ಮನ್ನು ಬೀದಿಯಲ್ಲಿ ತಡೆದು ಕೇಳಲಿ. ಅದಕ್ಕೆ ಅವರಿಗೆ ಪೂರ್ಣ ಅಧಿಕಾರವಿರುವದು.